ತಾಳೆ ಬೆಕ್ಕಿನ ಹೆಸರಿನಲ್ಲಿ

ನಮ್ಮ ಮನೆಯ ಊಟದ ಮೇಜಿನ ಮೇಲೆ ಸುಳ್ಳಿಗೆ ಜಾಗವಿರಲಿಲ್ಲ, ವಾಂಬ್ಯಾಟಿನ ಲದ್ದಿಗೆ ಇತ್ತು. ಆಸ್ಟ್ರೇಲಿಯದ ಆ ಗುಂಡುಗುಂಡಾದ ಪ್ರಾಣಿ ಲೂಡೋ ಆಟದ ದಾಳದಂಥ ಚೌಕ ಲದ್ದಿ ಹಾಕುತ್ತದೆ ಎಂದು ನಾನು ಒಂದು ಸಂಜೆ, ಬಂಗುಡೆ ಸಾರು ಬಡಿಸಲು ಹೊರಟ ಹೊತ್ತಿಗೇ ಹೇಳಿದೆ. ಸೌಟು ಹಿಡಿದಿದ್ದ ವಡ್ಲಿಮಾಯ್, ಅಂದರೆ ಪಪ್ಪನ ತಾಯಿ, ಶಿಲುಬೆಯ ಗುರುತು ಹಾಕಿಕೊಂಡಳು. ಆರು ವರ್ಷದ ತಮ್ಮ ರೋಶನ್ ನಕ್ಕು ನಕ್ಕು ಕುರ್ಚಿಯಿಂದ ಜಾರಿದ. ಪಪ್ಪ ಮಾತ್ರ ನಗಲಿಲ್ಲ.

"ಚೌಕ ಅಂತ ಹೇಳಿದ್ಯಲ್ಲ, ಅದು ಕಾಗದದ ಮೇಲೆ ಬರೆಯುವಂಥದ್ದು. ಇದಕ್ಕೆ ಘನಾಕಾರ ಅನ್ಬೇಕು. ಇನ್ನೊಮ್ಮೆ ಹೇಳು."

ಇನ್ನೊಮ್ಮೆ ಹೇಳಿದೆ. ಹುರಿದ ಬಂಗುಡೆಯ ಬಾಲದ ತುಂಡು ನನ್ನ ತಟ್ಟೆಗೆ ಬಂತು.

ಇದು ನಮ್ಮ ಮನೆಯ ಪದ್ಧತಿಯಾಗಿತ್ತು. ಜೆಪ್ಪುವಿನ ಆ ಹಂಚಿನ ಮನೆಯಲ್ಲಿ ಅಡುಗೆಮನೆಯ ಮಾತು ಕೊಂಕಣಿ, ಅಂಗಳ ದಾಟಿದರೆ ತುಳು. ಪಪ್ಪ ಕನ್ನಡ ಶಾಲೆಯ ಮಾಸ್ತರಾದ್ದರಿಂದ ಊಟದ ಮೇಜಿನಲ್ಲಿ ಮಾತ್ರ ಕನ್ನಡ. ಸಂಜೆ ಏಳಕ್ಕೆ ಎಲ್ಲರೂ ಮಂಡಿಯೂರಿ ತೇರ್ಸ್, ಎಂದರೆ ಜಪಸರದ ಪ್ರಾರ್ಥನೆ. ಅದು ಮುಗಿದು ತಟ್ಟೆ ಇಟ್ಟ ಮೇಲೆ ಅನ್ನ ಬೀಳುವ ಮೊದಲು ಮಕ್ಕಳಲ್ಲಿ ಒಬ್ಬರು ಒಂದು 'ಹೊಸ ಸಂಗತಿ' ಹೇಳಬೇಕು. ಸಂಗತಿ ಚೆನ್ನಾಗಿದ್ದರೆ ಮೀನಿನ ಬಾಲ, ಅದರ ಗರಿಗರಿ ತುದಿ ಸಮೇತ. ಸುಳ್ಳಾಗಿದ್ದರೆ ತಟ್ಟೆ ಕೈಯಲ್ಲಿ ಹಿಡಿದು ಗೋಡೆಯ ಬದಿಯಲ್ಲಿ ನಿಂತು ಉಣ್ಣಬೇಕು. ಹೊಡೆತವಿಲ್ಲ, ಬೈಗುಳವಿಲ್ಲ, ಬರೀ ನಿಂತು ಉಣ್ಣುವುದು. ಆನೆ ಮೊಟ್ಟೆ ಇಡುತ್ತದೆ ಎಂದು ಹೇಳಿ ರೋಶನ್ ಎರಡು ಸಲ ನಿಂತಿದ್ದ. ದೊಡ್ಡವರಿಗೂ ಇದೇ ನಿಯಮ. ಮಮ್ಮಿಗೆ ಪತ್ರ ಹಾಕಿದೆ ಎಂದು ಹೇಳಿ ಹಾಕದೆ ಇದ್ದ ಪಪ್ಪ ಒಮ್ಮೆ ತಾವಾಗಿಯೇ ಎದ್ದು ಗೋಡೆಗೆ ಒರಗಿ ಗಂಜಿ ಉಂಡದ್ದನ್ನು ನಾನು ನೋಡಿದ್ದೇನೆ.

ಮಮ್ಮಿ ಕುವೈತಿನಲ್ಲಿ ನರ್ಸ್. ಅಲ್ಲಿಂದ ಅವಳು ತಂದುಕೊಟ್ಟ ದಪ್ಪ ಇಂಗ್ಲಿಷ್ ಚಿತ್ರಪುಸ್ತಕವೇ ನನ್ನ ಬಂಡವಾಳ. ಲೋಕದ ವಿಚಿತ್ರ ಪ್ರಾಣಿಗಳೆಲ್ಲ ಅದರಲ್ಲಿದ್ದವು. ಚಿಪ್ಪುಹಂದಿಯ ನಾಲಿಗೆಯ ಬುಡ ಬಾಯಿಯಲ್ಲಿಲ್ಲ, ಎದೆಗೂಡಿನ ಒಳಗೆ ಪಕ್ಕೆಲುಬಿನ ಹತ್ತಿರ ಇದೆ. ಓಕಾಪಿ ತನ್ನ ಕಿವಿಯನ್ನು ತಾನೇ ನೆಕ್ಕಿಕೊಳ್ಳುತ್ತದೆ. ಪ್ಲಾಟಿಪಸ್ ಮೊಟ್ಟೆಯನ್ನೂ ಇಡುತ್ತದೆ, ಮರಿಗೆ ಹಾಲನ್ನೂ ಕೊಡುತ್ತದೆ, ಆದರೆ ಅದಕ್ಕೆ ಮೊಲೆತೊಟ್ಟು ಇಲ್ಲ, ಹಾಲು ಬೆವರಿನ ಹಾಗೆ ಚರ್ಮದಿಂದ ಒಸರುತ್ತದೆ. ಈ ಕೊನೆಯದನ್ನು ಹೇಳಿದ ದಿನ ವಡ್ಲಿಮಾಯ್ "ಅನ್ನದ ಎದುರು ಇಂಥದ್ದೆಲ್ಲ ಹೇಳ್ಬೇಡ ಮಾರಾಯ್ತಿ" ಎಂದು ಬೈದಳು. ಮರುದಿನ ಪಕ್ಕದ ಮನೆಯವರಿಗೆ ಅದನ್ನೇ ಬೇಲಿಯ ಬಳಿ ನಿಂತು ಹೇಳುತ್ತಿದ್ದಳು. ನಾನು ಡಿಕ್ಷನರಿ ಇಟ್ಟುಕೊಂಡು ದಿನಕ್ಕೊಂದು ಪ್ರಾಣಿಯನ್ನು ಕನ್ನಡಕ್ಕೆ ತರುತ್ತಿದ್ದೆ, ಪಪ್ಪ ತಿದ್ದುತ್ತಿದ್ದರು. ನನ್ನ ಬಾಲ್ಯದಲ್ಲಿ ಪಪ್ಪನ ಪ್ರೀತಿ ನನಗೆ ಸಿಕ್ಕಿದ್ದು ಹೆಚ್ಚಾಗಿ ಈ ತಿದ್ದುಪಡಿಗಳ ರೂಪದಲ್ಲೇ.

ಆದರೆ ಅದೇ ಪಪ್ಪ ಕುಡಿಯುತ್ತಿದ್ದರು. ಹಿಂದಿನ ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ವೇದಿಕೆಯ ಮೆಟ್ಟಿಲಿನಿಂದ ಬಿದ್ದಿದ್ದರು. ಊರಿಗೆಲ್ಲ ಗೊತ್ತಾಗಿತ್ತು. ಆ ಕ್ರಿಸ್ಮಸ್ಸಿಗೆ ಬಂದ ಮಮ್ಮಿ ಜಗಳವಾಡಲಿಲ್ಲ. ಹಾಲ್‌ನ ಒಲ್ತಾರಿನ ಮುಂದೆ, ನಾವು ದಿನಾ ಪ್ರಾರ್ಥಿಸುವ ಆ ಸಣ್ಣ ಪೀಠದ ಮುಂದೆ, ಪಪ್ಪನನ್ನು ನಿಲ್ಲಿಸಿ ಶಿಲುಬೆಯ ಮೇಲೆ ಕೈ ಇಡಿಸಿದಳು. ಒಂದು ವರ್ಷ, ಮುಂದಿನ ಕ್ರಿಸ್ಮಸ್‌ವರೆಗೆ, ಒಂದು ಹನಿ ಮುಟ್ಟಬಾರದು. ಮುಟ್ಟಿದರೆ ನಾನು ಹೊಳೆಯಾಚೆಯ ಸಿಸ್ಟರುಗಳ ಬೋರ್ಡಿಂಗಿಗೆ, ರೋಶನ್ ಕೊಟ್ಟಾರದ ಚಿಕ್ಕಮ್ಮನ ಮನೆಗೆ. ಮಮ್ಮಿ ಇದನ್ನು ಕೂಗಾಡಿ ಹೇಳಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಇಂಜೆಕ್ಷನ್ ಕೊಡುವವರು 'ಸ್ವಲ್ಪ ನೋವಾಗ್ತದೆ' ಎನ್ನುವ ಧ್ವನಿಯಲ್ಲಿ ಹೇಳಿದಳು. ಅಲ್ಲಿಂದ ಮುಂದೆ ಪ್ರತಿ ಶುಕ್ರವಾರ ಸಂಜೆ ಎಂಟರ ಹೊತ್ತಿಗೆ ಅವಳ ಫೋನ್ ಬರುತ್ತಿತ್ತು. ವಡ್ಲಿಮಾಯ್ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದಳು.

"ಮನೆಯಲ್ಲಿ ಒಂದು ಹನಿ ಇಲ್ಲ. ನಾನು ನೋಡಿಕೊಳ್ತೇನೆ, ನೀನು ಧೈರ್ಯದಲ್ಲಿರು."

ಆ ಮಾತು ಸೆಪ್ಟೆಂಬರಿನವರೆಗೆ ನಿಜವಾಗಿತ್ತು. ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬ ಮುಗಿದ ಮರುವಾರ ವಡ್ಲಿಮಾಯ್ ಕ್ರಿಸ್ಮಸ್ ಕೇಕಿಗೆ ಹಣ್ಣು ನೆನೆಹಾಕುವವಳು. ದ್ರಾಕ್ಷಿ, ಖರ್ಜೂರ, ಕಿತ್ತಳೆ ಸಿಪ್ಪೆ, ಚೆರಿ, ಎಲ್ಲವನ್ನೂ ಸಣ್ಣಗೆ ಕತ್ತರಿಸಿ ಕಪ್ಪು ಭರಣಿಗೆ ತುಂಬಿ ಮುಳುಗುವಷ್ಟು ರಮ್ ಹೊಯ್ಯುವುದು, ಮೂರು ತಿಂಗಳು ಇಡುವುದು. ಜೆಪ್ಪುವಿನಲ್ಲಿ ಅವಳ ಕೇಕಿಗೆ ಹೆಸರಿತ್ತು. ಆ ವರ್ಷ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಇದಕ್ಕಾಗಿ ನಾನು ಅವಳ ಮೇಲೆ ಬಹಳ ವರ್ಷ ಸಿಟ್ಟು ಇಟ್ಟುಕೊಂಡಿದ್ದೆ. ಈಗ ನನಗೂ ನಾಲ್ಕು ಜನ ಹೊಗಳುವ ಒಂದು ಕೈಕೆಲಸ ಇರುವುದರಿಂದ ಸ್ವಲ್ಪ ಕಮ್ಮಿಯಾಗಿದೆ. ಅವಳು ಮಾಡಿದ್ದಿಷ್ಟು: ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ಉಗ್ರಾಣದ ಮೇಲಿನ ಅಟ್ಟಕ್ಕೆ ಏಣಿ ಹತ್ತಿ, ಹಳೇ ಗೋಣಿಗಳ ಹಿಂದೆ ಅದನ್ನು ಅಡಗಿಸಿಟ್ಟಳು. ಏಣಿಯ ಬುಡ ಹಿಡಿದು ನಿಂತವಳು ನಾನು.

"ಪಪ್ಪನಿಗೆ ಹೇಳ್ಬೇಡ. ಗೊತ್ತಿಲ್ಲದಿದ್ರೆ ಆಸೆ ಆಗುವುದಿಲ್ಲ."

ಅಟ್ಟದಲ್ಲಿ ಆಗಲೇ ಬೇರೆಯವರ ಸಂಸಾರ ಇತ್ತು ಎಂಬುದು ನಮಗೆ ಗೊತ್ತಾದದ್ದು ಅಕ್ಟೋಬರಿನಲ್ಲಿ. ಮೊದಲು ಬಂದದ್ದು ವಾಸನೆ. ನಾವು ದಿನಾ ಉಣ್ಣುತ್ತಿದ್ದದ್ದು ಕೆಂಪು ಕುಚ್ಚಲಕ್ಕಿ. ಪರಿಮಳದ ಬಿಳಿ ಅಕ್ಕಿ ಒಲೆಗೆ ಏರುತ್ತಿದ್ದದ್ದು ಹಬ್ಬಕ್ಕೆ, ಮದುವೆಗೆ. ಹಾಗಿರುವಾಗ ಬರೀ ಗಂಜಿ ಬೇಯುವ ಸಂಜೆಗಳಲ್ಲಿ, ತೇರ್ಸ್ ನಡೆಯುತ್ತಿದ್ದ ಹೊತ್ತಿಗೆ ಉಗ್ರಾಣದ ಬಾಗಿಲಿನಿಂದ ಪಲಾವು ಬೇಯುವ ಘಮ ಹಾಲ್‌ಗೆ ಇಳಿದು ಬರತೊಡಗಿತು. ವಡ್ಲಿಮಾಯ್ ಅದನ್ನು ತೀರಿಹೋದ ಅಜ್ಜನ ಆತ್ಮ ಎಂದುಕೊಂಡು ಅವನ ಹೆಸರಿನಲ್ಲಿ ಚರ್ಚಿನಲ್ಲಿ ಒಂದು ಪೂಜೆ ಹೇಳಿಸಿದಳು. ಅಜ್ಜನಿಗೆ ಪಲಾವು ಇಷ್ಟವಂತೆ. ನಾನು ಪುಸ್ತಕದಲ್ಲಿ ಹುಡುಕಿದೆ. ಒಂದು ವಾರ ಹುಡುಕಿ, ಅಂಗಳದ ಕಟ್ಟೆಯ ಮೇಲೆ ಬಿದ್ದಿದ್ದ ಪೇರಳೆ ಬೀಜ ತುಂಬಿದ ಹಿಕ್ಕೆಯನ್ನು ಕಡ್ಡಿಯಿಂದ ಕೆದಕಿ ನೋಡಿ, ಕೊನೆಗೆ ಒಂದು ಸಂಜೆ ಮೇಜಿನಲ್ಲಿ ಎದೆಯುಬ್ಬಿಸಿ ಹೇಳಿದೆ.

"ನಮ್ಮ ಅಟ್ಟದಲ್ಲಿ ತಾಳೆ ಬೆಕ್ಕು ಉಂಟು. ಹೆಸರು ಬೆಕ್ಕು, ಆದರೆ ಅದು ಬೆಕ್ಕಿನ ಜಾತಿ ಅಲ್ಲ. ಹಗಲು ಮಲಗ್ತದೆ, ಮುಸ್ಸಂಜೆಗೆ ಏಳ್ತದೆ. ಅದರ ಬಾಲದ ಬುಡದಲ್ಲಿ ಒಂದು ಗ್ರಂಥಿ ಉಂಟು, ಅದರಿಂದ ಪರಿಮಳದ ಅಕ್ಕಿ ಬೇಯುವ ವಾಸನೆ ಬರ್ತದೆ."

"ಹಾಗಾದ್ರೆ ಪೂಜೆ ಹೇಳಿಸಿದ್ದು ಬೆಕ್ಕಿಗಾ?" ಎಂದು ಪಪ್ಪ ತಮ್ಮ ತಾಯಿಯ ಮುಖ ನೋಡಿದರು. ಎಷ್ಟೋ ತಿಂಗಳ ಮೇಲೆ ನಮ್ಮ ಮನೆಯ ಮೇಜಿನಲ್ಲಿ ನಾಲ್ಕೂ ಜನ ಒಟ್ಟಿಗೆ ನಕ್ಕೆವು. ನನಗೆ ಆ ದಿನ ಬಾಲದ ತುಂಡು ಎರಡು. ಮನೆ ಉಳಿಯುತ್ತದೆ ಎಂದು ನಾನು ನಂಬಿದೆ.

ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಬಂದಾಗ ಉಗ್ರಾಣದಲ್ಲಿ ಏಣಿ ಒರಗಿತ್ತು. ವಡ್ಲಿಮಾಯ್ ರೋಶನ್‌ನನ್ನು ಕರೆದುಕೊಂಡು ಮೀನು ಮಾರ್ಕೆಟ್ಟಿಗೆ ಹೋಗಿದ್ದಳು. ಬೆಕ್ಕಿನ ಮರಿಗಳ ಕೀಚು ಕೇಳಿಸುತ್ತಿದ್ದದ್ದರಿಂದ ನೋಡಬೇಕೆಂದು ನಾನು ಚಪ್ಪಲಿ ಬಿಟ್ಟು ಮೆಲ್ಲನೆ ಹತ್ತಿದೆ. ತಲೆ ಅಟ್ಟದ ಹಲಗೆಯ ಮಟ್ಟಕ್ಕೆ ಬಂದಾಗ ಎಡಬದಿಯಲ್ಲಿ, ಗಾಜಿನ ಹಂಚಿನಿಂದ ಬೀಳುವ ಬೆಳಕಿನಲ್ಲಿ ಬೂದು ಮೈಯ ತಾಯಿ ಸುರುಳಿ ಸುತ್ತಿ ಮಲಗಿತ್ತು. ಹೊಟ್ಟೆಯಡಿ ಮೂರು ಮರಿ. ಬಲಬದಿಯಲ್ಲಿ ನನಗೆ ಬೆನ್ನು ಹಾಕಿ ಪಪ್ಪ ಕುಕ್ಕರಗಾಲಿನಲ್ಲಿ ಕೂತಿದ್ದರು. ಭರಣಿಯ ಬಟ್ಟೆ ಅವರ ಭುಜದ ಮೇಲಿತ್ತು. ಕೈಯಲ್ಲಿ ಸ್ಟೀಲಿನ ಲೋಟ. ಹಣ್ಣು ಬೀಳದಂತೆ ಬೆರಳಲ್ಲಿ ತಡೆದು ರಸವನ್ನು ಬಗ್ಗಿಸಿಕೊಳ್ಳುತ್ತಿದ್ದ ಅವರ ನಾಜೂಕು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಹತ್ತಿದ ಹಾಗೆಯೇ ಇಳಿದೆ. ಅಂಗಳಕ್ಕೆ ಹೋಗಿ, ಆಗ ತಾನೇ ಬಂದವಳಂತೆ ಗೇಟನ್ನು ಜೋರಾಗಿ ಬಡಿದೆ. ಸ್ವಲ್ಪ ಹೊತ್ತಿಗೆ ಪಪ್ಪ ಲವಂಗ ಜಗಿಯುತ್ತಾ ಹೊರಗೆ ಬಂದರು. ಹಳೆಯ ದಿನಗಳಲ್ಲೂ ಲವಂಗವೇ.

"ಮರಿ ಹಾಕಿದೆಯಾ ಅಂತ ನೋಡ್ಲಿಕ್ಕೆ ಹತ್ತಿದ್ದೆ," ಎಂದರು, ನಾನು ಏನೂ ಕೇಳದಿದ್ದರೂ.

ಮುಂದಿನ ಶುಕ್ರವಾರದವರೆಗೆ ನಾನು ಯಾರೊಂದಿಗೂ ಬಾಯಿ ಬಿಡಲಿಲ್ಲ. ಆ ಶುಕ್ರವಾರ ಮಧ್ಯಾಹ್ನ ವಡ್ಲಿಮಾಯ್ ಹಣ್ಣು ಮಗುಚಲೆಂದು ಮರದ ಸೌಟು ಹಿಡಿದು ಅಟ್ಟ ಹತ್ತಿದಳು. ಇಳಿದು ಬಂದವಳ ಮುಖ ನೋಡಿಯೇ ನನಗೆ ತಿಳಿಯಿತು. ಸಂಜೆ ತೇರ್ಸ್ ಹೇಳುವಾಗ ಅವಳ ಧ್ವನಿ ಗಟ್ಟಿಯಾಗಿತ್ತು. ಮೇಜಿಗೆ ಕೂತ ಮೇಲೆ ಅನ್ನದ ಪಾತ್ರೆಯ ಮುಚ್ಚಳ ತೆಗೆಯದೆ ಕೈಯಡಿ ಒತ್ತಿ ಹಿಡಿದಳು. ಗಡಿಯಾರದಲ್ಲಿ ಎಂಟಕ್ಕೆ ಹತ್ತು ನಿಮಿಷವಿತ್ತು.

"ಕೇಕಿನ ಹಣ್ಣು ಒಣಗಿಹೋಗಿದೆ. ರಸ ಎಲ್ಲಿಗೆ ಹೋಯ್ತು?"

ಅವಳು ಮಗನನ್ನೇ ನೋಡುತ್ತಿದ್ದಳು. ಪಪ್ಪ ಖಾಲಿ ತಟ್ಟೆಯ ಅಂಚನ್ನು ಬೆರಳಲ್ಲಿ ಸವರುತ್ತಿದ್ದರು.

"ಎಂಟು ಗಂಟೆಗೆ ಫೋನ್ ಬರ್ತದೆ, ವಲ್ಲಿ. ನಾನು ಅವಳಿಗೆ ಎಂತ ಹೇಳ್ಲಿ?" ಎಂದು ಪಪ್ಪನನ್ನು ಹೆಸರು ಹಿಡಿದು ಕೇಳಿದಳು.

ಹಾಲ್‌ನ ಮೂಲೆಯ ಕಪ್ಪು ಫೋನನ್ನು ನಾನು ನೋಡಿದೆ. ಬೋರ್ಡಿಂಗಿನ ಉದ್ದ ಕೋಣೆ, ಸಾಲು ಮಂಚ, ನಾನೇ ಒಗೆದುಕೊಳ್ಳಬೇಕಾದ ಬಟ್ಟೆ ಎಲ್ಲವೂ ಕಣ್ಣಮುಂದೆ ಬಂದವು. ರೋಶನ್ ಹೊಸ ಸಂಗತಿಗಾಗಿ ನನ್ನ ಮೊಣಕೈ ತಿವಿಯುತ್ತಿದ್ದ. ನನ್ನ ಬಾಯಿ ತೆರೆಯಿತು.

"ಇವತ್ತಿನ ಹೊಸ ಸಂಗತಿ. ತಾಳೆ ಬೆಕ್ಕಿಗೆ ಕಳ್ಳು ಅಂದ್ರೆ ಪ್ರಾಣ. ಕಳ್ಳು ಇಳಿಸುವ ಮೂರ್ತೆಯವರು ಮರದಲ್ಲಿ ಕಟ್ಟಿದ ಮಡಕೆಗೆ ಬಾಯಿ ಹಾಕಿ ಕುಡಿದುಬಿಡ್ತದೆ. ಅದಕ್ಕೇ ಇಂಗ್ಲಿಷಿನಲ್ಲಿ ಅದಕ್ಕೆ ಕಳ್ಳಿನ ಬೆಕ್ಕು ಅಂತ ಹೆಸರು. ಪುಸ್ತಕದಲ್ಲಿ ಉಂಟು, ಬೇಕಾದ್ರೆ ತೋರಿಸ್ತೇನೆ. ಭರಣಿ ಇದ್ದದ್ದು ಅದರ ಗೂಡಿನ ಪಕ್ಕದಲ್ಲೇ ಅಲ್ವಾ?"

ಒಂದೊಂದು ವಾಕ್ಯವೂ ನಿಜ. ಪುಟದ ಸಂಖ್ಯೆಯನ್ನೂ ಹೇಳಬಲ್ಲವಳಾಗಿದ್ದೆ. ಎಲ್ಲ ಸೇರಿದಾಗ ಮಾತ್ರ ಅದು ನಾನು ಅದುವರೆಗೆ ಹೇಳಿದ ಅತಿ ದೊಡ್ಡ ಸುಳ್ಳಾಗಿತ್ತು. ಪಪ್ಪ ತಲೆಯೆತ್ತಿ ನನ್ನನ್ನು ನೋಡಿದರು. ತಿದ್ದಲಿಲ್ಲ. ವಡ್ಲಿಮಾಯ್ ನನ್ನಿಂದ ಪಪ್ಪನಿಗೆ, ಪಪ್ಪನಿಂದ ನನಗೆ ಕಣ್ಣಾಡಿಸಿ ಮುಚ್ಚಳ ತೆಗೆದಳು. ನಂಬಿದಳೋ, ನಂಬಲು ಒಂದು ನೆಪ ಸಿಕ್ಕಿತೆಂದು ಹಿಡಿದುಕೊಂಡಳೋ, ನನಗೆ ಗೊತ್ತಿಲ್ಲ. ಫೋನ್ ಬಂದಾಗ ಅವಳು ಎಂದಿನಂತೆ "ಮನೆಯಲ್ಲಿ ಒಂದು ಹನಿ ಇಲ್ಲ" ಎಂದಳು. ಭರಣಿಯ ಮಾತನ್ನು ಎತ್ತಲೇ ಇಲ್ಲ. ರಿಸೀವರ್ ಇಟ್ಟು ಬಂದು ಕೂತು, ಅನ್ನ ಕಲಸುತ್ತಾ ಸಾಧಾರಣ ಧ್ವನಿಯಲ್ಲಿ ಹೇಳಿದಳು.

"ನಾಳೆ ಸೇಸಪ್ಪನಿಗೆ ಬರ್ಲಿಕ್ಕೆ ಹೇಳ್ತೇನೆ. ಕುಡುಕ ಬೆಕ್ಕನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಬೇಡ. ಮರಿಗಳೂ ದೊಡ್ಡದಾಗಿ ಅದನ್ನೇ ಕಲಿಯುವುದು."

ಆ ಮಾತು ಬೆಕ್ಕಿಗೆ ಹೇಳಿದ್ದೋ ಪಪ್ಪನಿಗೆ ಹೇಳಿದ್ದೋ ಎಂದು ನಾನು ಯೋಚಿಸಲಿಲ್ಲ. ಸೇಸಪ್ಪಣ್ಣ ಎಂದರೆ ಮಳೆಗಾಲಕ್ಕೆ ಮೊದಲು ನಮ್ಮ ಮಾಡಿನ ಒಡೆದ ಹಂಚು ಬದಲಿಸುವವರು. ಹೆಗ್ಗಣ, ಮುಂಗುಸಿಗಳ ಕಾಟವಿದ್ದರೂ ಕೇರಿಯವರು ಅವರನ್ನೇ ಕರೆಯುವುದು. ಬಾಳೆಹಣ್ಣು ಸೀಳಿ ಒಳಗೆ ವಿಷ ತುಂಬಿ ಮತ್ತೆ ಸಿಪ್ಪೆ ಕೂಡಿಸಿ ಇಡುವುದು ಅವರ ಕ್ರಮ. ಬಾಲದ ತುಂಡನ್ನು ಪಪ್ಪ ನನ್ನ ತಟ್ಟೆಗೆ ಹಾಕಿದರು. ನಾನು ಅದನ್ನು ರೋಶನ್‌ನ ತಟ್ಟೆಗೆ ಸರಿಸಿದೆ.

ಮರುದಿನ ಮಧ್ಯಾಹ್ನ ಪಪ್ಪ ಜಗಲಿಯಲ್ಲಿ ಕೂತು ಮಕ್ಕಳ ಪುಸ್ತಕ ತಿದ್ದುತ್ತಿದ್ದರು. ನಾನು ಹೋಗಿ ಕಂಬ ಹಿಡಿದು ನಿಂತೆ.

"ಪಪ್ಪಾ, ಸೇಸಪ್ಪಣ್ಣ ಮೂರು ಗಂಟೆಗೆ ಬರ್ತಾರಂತೆ."

"ಹೂಂ."

"ಅಟ್ಟದಲ್ಲಿ ಮೂರು ಮರಿ ಉಂಟು. ಇನ್ನೂ ಹಾಲು ಕುಡಿಯುವಂಥದ್ದು."

"ನೀನು ಯಾವಾಗ ನೋಡಿದ್ದು?"

"ನೀವು ನೋಡ್ಲಿಕ್ಕೆ ಹತ್ತಿದ ದಿನವೇ."

ಕೆಂಪು ಪೆನ್ನು ಕಾಗದದ ಮೇಲೆ ನಿಂತಿತು. ನಿಂತಲ್ಲೇ ಸಣ್ಣ ಚುಕ್ಕೆ ಹರಡಿ ದೊಡ್ಡದಾಗುವುದನ್ನು ನಾವಿಬ್ಬರೂ ನೋಡಿದೆವು. ಯಾವನೋ ಹುಡುಗನ ಕಾಪಿ ಪುಸ್ತಕ, ಪಾಪ. ಪಪ್ಪ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಕಾದೆ. ಅವರು ನನ್ನ ಕಡೆ ತಿರುಗದೆ ಹೇಳಿದರು.

"ಕ್ರಿಸ್ಮಸ್ಸಿಗೆ ಇನ್ನು ಆರು ವಾರ ಉಂಟು, ಜೆಸ್ಸಿ. ಬರೀ ಆರು ವಾರ."

ಅದು ಬೇಡಿಕೆ ಎಂದು ಹತ್ತು ವರ್ಷದ ನನಗೂ ಅರ್ಥವಾಯಿತು. ಮಾಸ್ತರು, ನನ್ನ ಪ್ರತಿ ಮಾತನ್ನೂ ತಿದ್ದುವ ಮನುಷ್ಯ, ನನ್ನ ಹತ್ತಿರ ಸುಳ್ಳು ಬೇಡುತ್ತಿದ್ದರು. ನನಗೆ ಅವರ ಮೇಲೆ ಹೇಸಿಗೆಯಾಯಿತು. ಅದರ ಹಿಂದೆಯೇ ಅವರನ್ನು ಅಪ್ಪಿಕೊಳ್ಳಬೇಕು ಅನಿಸಿತು. ಎರಡನ್ನೂ ಮಾಡದೆ ಒಳಗೆ ಹೋದೆ.

ಸೇಸಪ್ಪಣ್ಣ ಹೇಳಿದ ಹೊತ್ತಿಗೆ ಬಂದರು. ಉಗ್ರಾಣದ ಹೊಸ್ತಿಲಲ್ಲಿ ಕೂತು ನಾಲ್ಕು ಬಾಳೆಹಣ್ಣನ್ನು ಸೀಳಿ, ಕಾಗದದ ಪೊಟ್ಟಣದಿಂದ ಪುಡಿ ತುಂಬಿ, ದಾರ ಸುತ್ತಿದರು. ಕೈಕೆಲಸದಲ್ಲಿ ಅವರಿಗೆ ಅವಸರವೇ ಇರಲಿಲ್ಲ. ಅಟ್ಟ ಹತ್ತಿ ಹಣ್ಣು ಇಟ್ಟು ಇಳಿದು ಬಂದು ವಡ್ಲಿಮಾಯ್‌ಗೆ ಹೇಳಿದರು.

"ಇದು ಮರಿ ಹಾಕಿದ್ದಾ ಬಾಯಮ್ಮ? ಹಾಗಾದ್ರೆ ಹಸಿವು ಜೋರಿರ್ತದೆ, ಬೇಗ ತಿನ್ತದೆ. ಗೂಡಿನಿಂದ ಹೊರಗೆ ಹೋಗುವ ದಾರಿಯ ತೊಲೆ ಮೇಲೆ ಇಟ್ಟಿದ್ದೇನೆ. ಕತ್ತಲಾಗುವಾಗ ಮಕ್ಕಳನ್ನು ಅಲ್ಲಿಗೆ ಬಿಡ್ಬೇಡಿ. ಸತ್ತದ್ದನ್ನು ನಾಳೆ ಬಂದು ತೆಗೀತೇನೆ."

"ಮರಿಗಳು?" ಎಂದು ನಾನು ಕೇಳಿದೆ.

"ತಾಯಿ ಹೋದ ಮೇಲೆ ಅವು ಎಂತ ಮಾಡ್ತವೆ ಮಗಾ, ಹೋಗ್ತವೆ."

ಅವರು ಹೋದ ಮೇಲೆ ವಡ್ಲಿಮಾಯ್ ಉಗ್ರಾಣದ ಬಾಗಿಲು ಎಳೆದುಕೊಂಡಳು. ನನಗೆ ಪುಸ್ತಕದ ಪುಟ ಬಾಯಿಪಾಠವಾಗಿತ್ತು. ಮುಸ್ಸಂಜೆಗೆ ಏಳುತ್ತದೆ. ಏಳುವಾಗ ಮೈ ಕೊಡವಿ ವಾಸನೆ ಬಿಡುತ್ತದೆ. ಒಂದೇ ದಾರಿಯಲ್ಲಿ ಹೋಗಿ ಒಂದೇ ದಾರಿಯಲ್ಲಿ ಬರುತ್ತದೆ. ಇಷ್ಟೆಲ್ಲ ತಿಳಿದವಳು ನಾನೊಬ್ಬಳೇ. ಏಳಕ್ಕೆ ಎಲ್ಲರೂ ಒಲ್ತಾರಿನ ಮುಂದೆ ಮಂಡಿಯೂರಿದೆವು. ಉಗ್ರಾಣದ ಬಾಗಿಲು ನನ್ನ ಬಲಕ್ಕೆ, ಕೈಚಾಚುವಷ್ಟು ದೂರದಲ್ಲಿತ್ತು. ಜಪಸರದ ಒಂದೊಂದು ಹತ್ತು ಮಣಿಗೂ ನಾನು ಮೂಗು ಎಳೆದುಕೊಳ್ಳುತ್ತಿದ್ದೆ. ಮೊದಲ ಹತ್ತಕ್ಕೆ ಬರೀ ಮೇಣದಬತ್ತಿಯ ವಾಸನೆ. ಎರಡನೇ ಹತ್ತಕ್ಕೂ ಅದೇ. ಬಾರದೆ ಇರಲಿ, ಇವತ್ತೊಂದು ದಿನ ಅದಕ್ಕೆ ನಿದ್ದೆ ಹಿಡಿಯಲಿ ಎಂದು ನಾನು ಮರಿಯಮ್ಮನಲ್ಲಿ ಬೇಡಿದೆ. ಬೆಕ್ಕು ಸತ್ತರೆ ಮನೆ ಉಳಿಯುತ್ತದೆ ಎಂಬ ಲೆಕ್ಕವೂ ತಲೆಯ ಒಂದು ಮೂಲೆಯಲ್ಲಿ ಕೂತೇ ಇತ್ತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಮೂರನೇ ಹತ್ತಿನ ನಾಲ್ಕನೆಯ ಮಣಿ ಬೆರಳಿಗೆ ಬಂದಾಗ ಬಾಗಿಲ ಸಂದಿಯಿಂದ ಪಲಾವಿನ ಘಮ ಬಂತು.

ನಾನು ಎದ್ದು ನಿಂತೆ. ವಡ್ಲಿಮಾಯ್ ಜಪ ನಿಲ್ಲಿಸದೆ ಕೈಯಲ್ಲೇ ಕೂರುವಂತೆ ಸನ್ನೆ ಮಾಡಿದಳು. ತೇರ್ಸ್ ನಡುವೆ ಯಾರೂ ಏಳುವಂತಿರಲಿಲ್ಲ.

"ನಿನ್ನೆ ನಾನು ಮೇಜಿನಲ್ಲಿ ಹೇಳಿದ್ದು ಸುಳ್ಳು," ಎಂದೆ. ಪ್ರಾರ್ಥನೆಯ ಹೊತ್ತಿನಲ್ಲಿ ಕನ್ನಡ ಆಡಿದ್ದು ಅದೇ ಮೊದಲು. "ಭರಣಿಯದ್ದನ್ನು ಬೆಕ್ಕು ಕುಡಿದದ್ದಲ್ಲ."

"ಮತ್ತೆ ಯಾರು ಕುಡಿದದ್ದು?" ಎಂದು ವಡ್ಲಿಮಾಯ್ ಜಪ ನಿಲ್ಲಿಸಿ ಕೇಳಿದಳು.

ಹಗಲಿಡೀ ನಾನು ಹೆದರಿದ್ದು ಈ ಪ್ರಶ್ನೆಗೆ.

"ಅದನ್ನು ನಾನು ಹೇಳುವುದಿಲ್ಲ."

ವಾಸನೆ ಇನ್ನೂ ದಟ್ಟವಾಯಿತು. ಮೇಲೆ ಹಲಗೆಯ ಮೇಲೆ ಏನೋ ಒಂದು ಹೆಜ್ಜೆ, ಮತ್ತೊಂದು ಹೆಜ್ಜೆ. ಆಗ ಪಪ್ಪ ಎದ್ದರು. ಬಾಗಿಲು ದೂಡಿ, ದೀಪವನ್ನೂ ಹಾಕದೆ ಏಣಿ ಹತ್ತಿದರು. ಅವರ ತೂಕಕ್ಕೆ ಮೆಟ್ಟಿಲು ಒಂದೊಂದೂ ನರಳಿದ್ದು ಕೇಳಿಸಿತು. ಮೇಲಿನಿಂದ ಉಗುಳಿದ ಹಾಗೆ ಒಂದು ಸದ್ದು, ಆಮೇಲೆ ಏನೋ ಬಿದ್ದದ್ದು, ಆಮೇಲೆ ಏನೂ ಇಲ್ಲ. ರೋಶನ್ ನನ್ನ ಫ್ರಾಕಿನ ತುದಿ ಹಿಡಿದುಕೊಂಡ. ಎಷ್ಟು ಹೊತ್ತಾಯಿತೋ, ಪಪ್ಪ ಅಂಗಿಯ ಮಡಿಲಲ್ಲಿ ಹಣ್ಣು ತುಂಬಿಕೊಂಡು ಇಳಿದು ಬಂದರು. ಅಂಗೈಯಲ್ಲಿ ಉಗುರಿನ ಗೀರು, ರಕ್ತ.

"ನಾಲ್ಕು ಹಣ್ಣೂ ಉಂಟು," ಎಂದರು. ನನ್ನನ್ನು ನೋಡಿಯೇ ಹೇಳಿದರು.

ಹಣ್ಣನ್ನು ಹಿತ್ತಿಲಲ್ಲಿ ಹೂತು, ಮೂರು ಸಲ ಸಾಬೂನು ಹಾಕಿ ಕೈ ತೊಳೆದು ಬಂದು ಮತ್ತೆ ಮಂಡಿಯೂರಿದರು. ವಡ್ಲಿಮಾಯ್ ಅಲ್ಲಿಯವರೆಗೂ ಮೂರನೇ ಹತ್ತಿನ ನಾಲ್ಕನೆಯ ಮಣಿಯನ್ನು ಹಿಡಿದೇ ಇದ್ದಳು. ಐದನೆಯ ಮಣಿಯಿಂದ ಮುಂದುವರಿಸಿದಳು. ಅರ್ಧಕ್ಕೆ ಬಿಟ್ಟ ಪ್ರಾರ್ಥನೆ ಮನೆಗೆ ಒಳ್ಳೆಯದಲ್ಲ ಎಂದು ಅವಳ ನಂಬಿಕೆ. ಉಳಿದ ಹತ್ತುಗಳು, ಕೊನೆಯ ಬಿನ್ನಹಗಳು, ಸತ್ತವರ ಹೆಸರುಗಳು, ಒಂದನ್ನೂ ಬಿಡಲಿಲ್ಲ. ಅಷ್ಟು ಉದ್ದದ ತೇರ್ಸನ್ನು ನಾನು ಮತ್ತೆ ಕಂಡಿಲ್ಲ.

ಮೇಜಿನಲ್ಲಿ ತಟ್ಟೆ ಇಟ್ಟ ಕೂಡಲೇ ನನ್ನದನ್ನು ಎತ್ತಿಕೊಂಡು ಗೋಡೆಯ ಬದಿಗೆ ಹೋಗಿ ನಿಂತೆ. ಯಾರೂ ಬೇಡ ಎನ್ನಲಿಲ್ಲ. ನಿಯಮ ನಿಯಮವೇ. ಅನ್ನ ಬಿತ್ತು, ಸಾರು ಬಿತ್ತು. ಒಂದು ತುತ್ತು ಬಾಯಿಗೆ ಇಡುವಷ್ಟರಲ್ಲಿ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ಪಪ್ಪ ತಟ್ಟೆ ಹಿಡಿದು ನನ್ನ ಪಕ್ಕಕ್ಕೆ ಬಂದು ನಿಂತರು.

"ಬೆಕ್ಕಲ್ಲ, ಅಮ್ಮಾ," ಎಂದರು.

"ಗೊತ್ತುಂಟು," ಎಂದಳು ವಡ್ಲಿಮಾಯ್.

ಮಗನ ಖಾಲಿ ಕುರ್ಚಿಯನ್ನು ನೋಡುತ್ತಾ ಕೂತಳು. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡೆ. ಅವಳು ಎರಡೂ ಕೈ ಮೇಜಿಗೆ ಊರಿ, ಸಂಧಿವಾತದ ಮೊಣಕಾಲನ್ನು ಬೈಯುತ್ತಾ ಎದ್ದಳು. ತಟ್ಟೆ ತೆಗೆದುಕೊಂಡು ಬಂದು ಪಪ್ಪನ ಆಚೆ ಬದಿಗೆ ನಿಂತಳು.

"ಒಂದು ಹನಿ ಇಲ್ಲ ಅಂತ ಪ್ರತಿ ಶುಕ್ರವಾರ ಹೇಳಿದವಳು ನಾನು. ನನ್ನ ಕೇಕೊಂದು ದೊಡ್ಡದಾಯ್ತು ನನಗೆ."

ಮೂವರೂ ಗೋಡೆಗೆ ಬೆನ್ನು ಕೊಟ್ಟು ಉಂಡೆವು. ಅಷ್ಟು ದೊಡ್ಡ ಮೇಜಿನಲ್ಲಿ ರೋಶನ್ ಒಬ್ಬನೇ ಕೂತಿದ್ದ. ಸ್ವಲ್ಪ ಹೊತ್ತು ನಮ್ಮನ್ನು ನೋಡಿ ಅಳುಮುಖ ಮಾಡಿ ಕೇಳಿದ.

"ನಾನು ಎಂತ ಸುಳ್ಳೂ ಹೇಳ್ಲಿಲ್ಲ. ನಾನೊಬ್ಬನೇ ಕೂತ್ಕೊಳ್ಬೇಕಾ?"

ಮುಂದಿನ ಶುಕ್ರವಾರ ಫೋನ್ ಎತ್ತಿದ್ದು ಪಪ್ಪ. ಮೂರು ವಾಕ್ಯದಲ್ಲಿ ಹೇಳಿ ಮುಗಿಸಿದರು, ನೆಪ ಹೇಳಲಿಲ್ಲ. ಮಮ್ಮಿ ಕ್ರಿಸ್ಮಸ್ಸಿಗೆ ಬಂದಳು. ಕೇಕ್ ಇರಲಿಲ್ಲ. ಅವಳು ಹೇಳಿದ ಮಾತಿಗೆ ತಪ್ಪುವವಳಲ್ಲ. ಜೂನ್ ಬಂದಾಗ ರೋಶನ್ ಕೊಟ್ಟಾರಕ್ಕೆ ಹೋದ, ನಾನು ಹೊಳೆಯಾಚೆಗೆ ಹೋದೆ. ಬೆಕ್ಕಿನ ಮರಿಗಳ ಜೀವಕ್ಕೆ ನನ್ನ ಮನೆ ಕೊಟ್ಟೆ ಎಂದು ಆ ಉದ್ದ ಕೋಣೆಯ ಮಂಚದ ಮೇಲೆ ಎಷ್ಟೋ ಸಲ ಅತ್ತಿದ್ದೇನೆ, ಆ ಸಂಜೆ ತೇರ್ಸ್ ನಡುವೆ ಎದ್ದು ನಿಂತದ್ದಕ್ಕೆ ಪಶ್ಚಾತ್ತಾಪ ಪಟ್ಟದ್ದೂ ಉಂಟು.

ತಿಂಗಳ ಮೊದಲ ಭಾನುವಾರ ಬೋರ್ಡಿಂಗಿನಲ್ಲಿ ಭೇಟಿಯ ದಿನ. ಭೇಟಿಯ ಕೋಣೆಯಲ್ಲಿ ಗೋಡೆಯುದ್ದಕ್ಕೂ ಬೆಂಚುಗಳಿದ್ದವು. ಮೊದಲ ಸಲ ಪಪ್ಪ ಕೊಡೆ ಹಿಡಿದು ಕಿಟಕಿಯ ಬಳಿ ನಿಂತಿದ್ದರು. ಜಾಗವಿಲ್ಲವೇನೋ ಎಂದು ನೋಡಿದೆ. ಅರ್ಧ ಬೆಂಚು ಖಾಲಿ ಇತ್ತು. "ಕೂತ್ಕೊಳ್ಳಿ ಪಪ್ಪಾ" ಎಂದರೆ ತಲೆಯಾಡಿಸಿದರು. ಅರ್ಧ ಗಂಟೆಯೂ ನಿಂತೇ ಮಾತಾಡಿ ಹೋದರು. ಎರಡನೇ ತಿಂಗಳೂ ಹಾಗೆಯೇ ಆದಾಗ, ಗೋಡೆಯ ಬದಿಯ ನಿಯಮ ಇಲ್ಲಿಗೂ ಬಂದಿದೆ, ಕುಡಿಯದ ತಿಂಗಳು ಇನ್ನೂ ಬಂದಿಲ್ಲ ಎಂದು ನನಗೆ ತಿಳಿಯಿತು, ನಾನು ಮತ್ತೆ ಕೂರಲು ಹೇಳಲಿಲ್ಲ. ಆಮೇಲಿನ ತಿಂಗಳುಗಳಲ್ಲಿ ನಾನು ಮೆಟ್ಟಿಲು ಇಳಿಯುವಾಗಲೇ ಕಿಟಕಿಯ ಸರಳಿನ ನಡುವೆ ಅವರ ತಲೆ ಕಾಣುತ್ತದೆಯೇ ಎಂದು ನೋಡುತ್ತಿದ್ದೆ. ಕಂಡರೆ ನಿಂತಿದ್ದಾರೆ ಎಂದು ಅರ್ಥ. ಪ್ರತಿ ತಿಂಗಳೂ ಕಾಣುತ್ತಿತ್ತು. ಏಳನೆಯ ತಿಂಗಳು ಕಾಣಲಿಲ್ಲ. ಬರಲೇ ಇಲ್ಲವೇನೋ ಎಂದು ಓಡಿದೆ. ಪಪ್ಪ ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ, ಪರೀಕ್ಷೆಗೆ ಕೂತ ಹುಡುಗನಂತೆ ಕೂತಿದ್ದರು. ತೊಡೆಯ ಮೇಲೆ ಬಾಳೆಲೆಯ ಪೊಟ್ಟಣ.

"ಹೊಸ ಸಂಗತಿ ಉಂಟು," ಎಂದರು. "ಅಟ್ಟದಲ್ಲಿ ಪುನಃ ಮರಿ ಹಾಕಿದೆ. ಈ ಸಲ ಎರಡು."

ನಾನು ಪಕ್ಕದಲ್ಲಿ ಕೂತು ಪೊಟ್ಟಣ ಬಿಚ್ಚಿದೆ. ಹುರಿದ ಬಂಗುಡೆ, ಬೆಳಿಗ್ಗೆಯೇ ಹುರಿದದ್ದು, ತಣ್ಣಗಾಗಿತ್ತು. ಬಾಲದ ತುಂಡನ್ನು ಮುರಿದು ಅವರಿಗೆ ಕೊಟ್ಟೆ.